ಮೋಡಣ್ಣ ತುರಿಕೆ ಸೊಪ್ಪು ತಂದದ್ದು

ನೀರು ಸರಬರಾಜು ಕಚೇರಿಯಲ್ಲಿ ದೂರು ಹೇಳುವವರಿಗೆಂದು ಒಂದು ಕಿಟಕಿ ಇತ್ತು. ಆ ಕಿಟಕಿಯ ಒಳಮಗ್ಗುಲಲ್ಲಿ ಮೋಡಣ್ಣ ಕೂತಿರುತ್ತಿದ್ದ. ಮೋಡಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಹೆತ್ತವರಿಟ್ಟದ್ದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಹಿಂದೊಮ್ಮೆ ಯಾರೋ ಒಬ್ಬರು ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಗೋಳಿಡುತ್ತಿದ್ದಾಗ ಇವನು ಅವರ ತಲೆಯ ಮೇಲಿಂದ ಆಕಾಶ ನೋಡುತ್ತ, "ಬರುತ್ತೆ, ಆಗಲೇ ಗುಡ್ಡ ದಾಟಿದೆ" ಅಂದನಂತೆ. ಅಂದಿನಿಂದ ಊರಿಗೆಲ್ಲ ಮೋಡಣ್ಣ.

ಅವನನ್ನು ಸೋಮಾರಿ ಎನ್ನುವಂತಿಲ್ಲ. ಒಂದು ಕೆಲಸ ಮಾಡುವಾಗ ಇನ್ನೊಂದರ ಕನಸು ಕಾಣುತ್ತಿದ್ದ, ಅಷ್ಟೇ. ಹಲ್ಲುಜ್ಜುವಾಗ ಕ್ಷೌರದ ಕನಸು, ಕ್ಷೌರ ಮಾಡಿಕೊಳ್ಳುವಾಗ ಊಟದ ಕನಸು. ಹೀಗಾಗಿ ಅವನು ಎಲ್ಲಿದ್ದರೂ ಅಲ್ಲಿಂದ ಎರಡು ಹೆಜ್ಜೆ ಮುಂದೆಯೋ ಹಿಂದೆಯೋ ಇರುತ್ತಿದ್ದ. ಹೆಂಡತಿಗೆ ಇದು ರೂಢಿಯಾಗಿತ್ತು. ಅವಳ ತಂದೆಗೆ ಆಗಿರಲಿಲ್ಲ.

ಮಾವ ನಿವೃತ್ತ ಸ್ಟೇಷನ್ ಮಾಸ್ಟರು. ಮಂಡಿ ಹಿಡಿದುಕೊಂಡಿತೆಂದು ಮಗಳ ಮನೆಗೆ ಬಂದು ಕೂತಿದ್ದರು. ರೈಲುಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿದ ಮನುಷ್ಯನಿಗೆ, ಹೊಸ್ತಿಲಲ್ಲಿ ನಿಂತು ತಾನು ಒಳಗೆ ಬರುತ್ತಿದ್ದೇನೋ ಹೊರಗೆ ಹೋಗುತ್ತಿದ್ದೇನೋ ಎಂದು ಯೋಚಿಸುವ ಅಳಿಯ ಒಂದು ಶಿಕ್ಷೆಯೇ. ಆದರೂ ಅವರು ಏನೂ ಅನ್ನುತ್ತಿರಲಿಲ್ಲ. ಅನ್ನುತ್ತಿರಲಿಲ್ಲ ಎನ್ನುವುದೇ ಮನೆಯವರಿಗೆ ಹೆದರಿಕೆ. ಬಂದಾಗಿನಿಂದ ಮಾತೂ ಕಡಿಮೆ, ಊಟ ಅದಕ್ಕಿಂತ ಕಡಿಮೆ. ಮಗಳು ಏನು ಮಾಡಿ ಬಡಿಸಿದರೂ ಎರಡು ತುತ್ತು ತಿಂದು, ಬಾಯಿಗೆ ರುಚಿಯಿಲ್ಲಮ್ಮ ಎಂದು ತಟ್ಟೆ ಸರಿಸುತ್ತಿದ್ದರು. ಅಂಗಿಯ ಕೊರಳು ದಿನದಿನಕ್ಕೆ ಸಡಿಲವಾಗುತ್ತಿತ್ತು. ಮಗಳು ಅಡುಗೆಮನೆಗೆ ಹೋಗಿ, ಈರುಳ್ಳಿ ಇಲ್ಲದೆಯೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಮಾವ ತಟ್ಟೆಯನ್ನು ನೋಡುತ್ತ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು: "ನಮ್ಮಮ್ಮ ತುರಿಕೆ ಸೊಪ್ಪು ಬೇಯ್ಸಿ ಸೂಪು ಮಾಡೋಳು. ಕೆರೆ ನೀರಿನಂಥ ಹಸಿರು. ಅದೊಂದು ಸಿಕ್ಕಿದ್ರೆ ಏನಾದ್ರೂ ಇಳೀತಿತ್ತೇನೋ. ಈಗ ಅದನ್ನ ತಂದುಕೊಡೋ ಗಂಡಸು ಯಾರಿದಾನೆ."

ಮೋಡಣ್ಣ ಕಿಟಕಿಯಾಚೆ ನೋಡುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ಯಾವ ಅಳಿಯನಿಗಾದರೂ ಅದು ನೆಟ್ಟಗೆ ಎದೆಗೇ ಬೀಳುವ ವಾಕ್ಯ.

"ಅದೇನು ಮಹಾ ಮಾವ," ಅಂದ. "ಮಾರ್ಕೆಟ್ಟಿನಲ್ಲಿ ಒಬ್ಬಳು ತರ್ತಾಳೆ, ನನಗೆ ಬಹಳ ಪರಿಚಯ. ನಾಳೆಯಿಂದ ದಿನಾ ತರ್ತೀನಿ."

ಈ ಮಾತಿನಲ್ಲಿ ನಿಜವಾಗಿ ಇದ್ದದ್ದು ಮಾರ್ಕೆಟ್ಟು ಒಂದೇ. ಏನನ್ನು ತರುತ್ತೇನೆಂದು ಒಪ್ಪಿಕೊಂಡೆ ಎನ್ನುವುದು ಅವನಿಗೆ ಗೊತ್ತಾದದ್ದು ಮಲಗುವಾಗ, ಹೆಂಡತಿ ಅದೆಂಥ ಸೊಪ್ಪು, ಮುಟ್ಟಿದರೆ ಮೈಯೆಲ್ಲ ಉರಿಯುವುದಿಲ್ಲವೇ ಎಂದು ಕೇಳಿದ ಮೇಲೆ.

ಮರುದಿನ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ವಿಚಾರಿಸಿದ. ಒಬ್ಬಾಕೆ ನಕ್ಕಳು. ಇನ್ನೊಬ್ಬಾಕೆ ನಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು, ಯಾರ ಮೇಲೆ ಸೇಡು ಸ್ವಾಮಿ, ಹಾಸಿಗೆಗೆ ಹಾಕೋದೋ ಚಡ್ಡಿಗೆ ಹಾಕೋದೋ, ಕುಳಿತು ಮಾತಾಡಿ ಸರಿಮಾಡಿಕೊಳ್ಳಬಾರದೇ ಎಂದು ಬುದ್ಧಿ ಹೇಳಿದಳು.

ಆಗ ಅವನಿಗೆ ಪಂಪ್‌ಹೌಸು ನೆನಪಾಯಿತು. ಅವನ ಬೀದಿಯ ಕೊನೆಯಲ್ಲಿ ಕಚೇರಿಯದೇ ಪಂಪ್‌ಹೌಸು, ಅದರ ಹಿಂದೆ ತುರಿಕೆ ಗಿಡದ ಒಂದು ಕಾಡೇ ಇತ್ತು. ಮಕ್ಕಳ ಕಾಲಿಗೆ ದದ್ದು ಏಳುತ್ತವೆಂದು ದೂರು ಬಂದಾಗ, ಗಿಡ ಕೀಳಲು ಯಾರೂ ಒಪ್ಪದೆ, ಕಚೇರಿ ಸುತ್ತ ತಂತಿ ಬಿಗಿದು ಒಳಗೆ ಹೋದವರ ಮೇಲೆ ಕಠಿಣ ಕ್ರಮ ಎಂದು ಬೋರ್ಡು ನೆಟ್ಟಿತ್ತು. ಬೋರ್ಡು ನೆಡಿಸಿದವನು ಮೋಡಣ್ಣನೇ. ಕಠಿಣ ಕ್ರಮ ಅಂದರೆ ಕಚೇರಿಯ ನೌಕರನಿಗೆ ಮನೆಯ ದಾರಿ.

ಹೆಂಡತಿಗೆ ವಾಕಿಂಗ್ ಎಂದು ಹೇಳಿ, ನಸುಕಿನಲ್ಲೇ ಹಿತ್ತಲ ಓಣಿಯಿಂದ ಹೋಗಿ ತಂತಿಯಡಿ ನುಸುಳಿದ. ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ಒಳಗಿನ ಪಂಪು ನಿದ್ದೆಯಲ್ಲಿ ಯಾರೋ ಹಾಡಿಕೊಂಡ ಹಾಗೆ ಗುಂಯ್‌ಗುಟ್ಟುತ್ತಿತ್ತು. ಗಿಡಗಳು ಮಂಜಿನಿಂದ ಮೇಲೆ ತಲೆಯೆತ್ತಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಎಲೆಯ ಅಂಚಿನ ಗರಗಸದ ಹಲ್ಲಿಗೊಂದೊಂದು ಇಬ್ಬನಿ, ಕಾಂಡದ ಮೇಲೆ ಬೆಳ್ಳಿಯಂಥ ನವಿರಾದ ರೋಮ. ಮೋಡಣ್ಣ ತಾನು ಏತಕ್ಕೆ ಬಂದೆನೆನ್ನುವುದನ್ನೂ ಮರೆತ. ಇಷ್ಟು ಚೆಂದದ ಗಿಡವನ್ನು ಜನ ಸುಮ್ಮನೆ ಬೈಯುತ್ತಾರಲ್ಲ ಎಂದುಕೊಂಡು, ಮಗುವಿನ ಗಲ್ಲ ಸವರುವ ಹಾಗೆ ಎರಡೂ ಕೈಯಲ್ಲಿ ಸವರಿದ.

ಕನಸಿನಿಂದ ಅಷ್ಟು ಬೇಗ ಅವನು ಹಿಂದೆಂದೂ ಎದ್ದಿರಲಿಲ್ಲ.

ಅಂದು ಕಚೇರಿಯಲ್ಲಿ ಎರಡೂ ಕೈಗಳನ್ನು ಬಕೆಟ್ಟಿನಲ್ಲಿ ಅದ್ದಿಕೊಂಡು ದೂರು ಕೇಳಿದ. ಸಾಹೇಬರು ಕಾರಣ ಕೇಳಿದ್ದಕ್ಕೆ, ನೀರಿನ ಗುಣಮಟ್ಟ ನೋಡುತ್ತಿದ್ದೇನೆ ಅಂದ. ಸಾಹೇಬರು ಮೆಚ್ಚಿದರು.

ಮರುದಿನ ಸಿದ್ಧನಾಗಿ ಹೋದ. ಪಾದದವರೆಗೆ ಬರುವ ಮಳೆಕೋಟು, ರಬ್ಬರ್ ಬೂಟು, ಕಣ್ಣು ಮಾತ್ರ ಕಾಣುವಂತೆ ತಲೆಗೂ ಮುಖಕ್ಕೂ ಸುತ್ತಿದ ಹೆಂಡತಿಯ ಹಳೇ ಶಾಲು, ಬಲಗೈಯಲ್ಲಿ ಉದ್ದನೆಯ ಇಕ್ಕಳ, ಎಡಗೈಯಲ್ಲಿ ಗೋಣಿಚೀಲ. ಇವನ್ನೆಲ್ಲ ಓಣಿಯ ಹಳೇ ಡ್ರಮ್ಮಿನಲ್ಲಿ ಬಚ್ಚಿಟ್ಟು, ಅಲ್ಲೇ ತೊಟ್ಟು ಅಲ್ಲೇ ಕಳಚುತ್ತಿದ್ದ. ಒಂದೊಂದು ಕುಡಿ ಚಿವುಟುವಾಗಲೂ ಗಿಡಕ್ಕೆ, ತಪ್ಪು ತಿಳ್ಕೋಬೇಡ ತಾಯಿ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಅದು ಭಕ್ತಿಯಲ್ಲ, ಹಿಂದಿನ ದಿನದ ಅನುಭವ.

ಸೊಪ್ಪನ್ನು ಕಂಡ ಮಾವ ಕುರ್ಚಿಯಿಂದ ತಾವಾಗಿಯೇ ಎದ್ದರು. ಅಡುಗೆಮನೆಗೆ ಬಂದರು. ಬಲಿತ ಎಲೆ ಬೇಡ, ಹೂ ಕಚ್ಚಿದ್ದು ಸುತರಾಂ ಬೇಡ, ತುದಿಯ ಎಳೆ ಕುಡಿ ಮಾತ್ರ ಎಂದು ಇಕ್ಕಳದಿಂದ ಆರಿಸಿದರು. ನೀರು ಮರಳಿದ ಮೇಲೆ ಮಗಳಿಗೆ ಕೈ ಎತ್ತಿ ಸೂಚನೆ ಕೊಟ್ಟರು, ರೈಲು ಬಿಡುವವರ ಹಾಗೆ. ಸೊಪ್ಪು ನೀರಿಗೆ ಬಿತ್ತು.

"ಅಷ್ಟೇ ನೋಡಮ್ಮ," ಅಂದರು. "ಕುದಿಯೋ ನೀರು ಕಂಡ ತಕ್ಷಣ ಇದರ ಸಿಟ್ಟೆಲ್ಲ ಇಳಿದುಹೋಗುತ್ತೆ. ಇನ್ನು ಬರಿಗೈಲಿ ಹಿಡಿ, ಏನೂ ಮಾಡಲ್ಲ."

ಬೆಂದ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿಯ ಜೊತೆ ಅರೆದು, ಮೆಣಸು ಹಾಕಿ ಸೂಪು ಮಾಡಿದರು. ಬಸಿದ ನೀರನ್ನೂ ಚೆಲ್ಲಗೊಡದೆ ನಿಂಬೆ ಹಿಂಡಿ ಲೋಟಕ್ಕೆ ಹಾಕಿಕೊಂಡರು. ಮಿಕ್ಕ ಕುಡಿಗಳನ್ನು ಕಷಾಯದ ಪುಡಿಗೆಂದು ನೆರಳಲ್ಲಿ ಹರವಿಸಿದರು. ಆಮೇಲೆ ಕಿಟಕಿಯ ಪಕ್ಕ ಕೂತು ಒಂದು ಬಟ್ಟಲು ಸೂಪು ಕುಡಿದರು, ಇನ್ನೊಂದು ಕೇಳಿದರು, ಬಟ್ಟಲ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಅಡುಗೆಮನೆಯ ತುಂಬ ಹಸಿರು ಹಬೆ. ಅದರೊಳಗೆ ಅವರ ಮುಖ ಎಲ್ಲೋ ದೂರದ ಪ್ಲಾಟ್‌ಫಾರಮ್ಮಿನಲ್ಲಿ ನಿಂತವರ ಮುಖದಂತೆ ತೇಲುತ್ತಿತ್ತು. ಮಗಳು ಗಂಡನ ತೋಳನ್ನು ಒಮ್ಮೆ ಒತ್ತಿ ಬಿಟ್ಟಳು.

ಇಷ್ಟಾದ ಮೇಲೆ ನಿಲ್ಲಿಸುವುದುಂಟೇ. ಮೋಡಣ್ಣ ದಿನವೂ ಹೋದ, ಮಾವ ದಿನವೂ ಉಂಡರು. ಒಂದೇ ಬೇಸರವೆಂದರೆ ಪುಣ್ಯವೆಲ್ಲ ಆ ಇಲ್ಲದ ಹೆಂಗಸಿಗೆ ಸಲ್ಲುತ್ತಿತ್ತು. ಎಷ್ಟು ಒಪ್ಪವಾಗಿ ಕುಡಿ ಚಿವುಟುತ್ತಾಳೆ ನೋಡಿ, ಒಂದು ದಿನ ತಪ್ಪಿಸಲ್ಲ, ಶ್ರದ್ಧೆ ಅಂದರೆ ಅದು ಎಂದು ಮಾವ ಹೊಗಳುವರು. ಹೊಗಳಿ, ಅಳಿಯನ ತಿರುಗುಮುರುಗಾದ ಅಂಗಿಯ ಕಡೆ ಒಮ್ಮೆ ನೋಡುವರು. ತಾನೇ ಹೊಲಿದ ಬಟ್ಟೆಯನ್ನು ಇನ್ನೊಬ್ಬ ಹಾಕಿಕೊಂಡು ತಿರುಗುವುದನ್ನು ನೋಡಿದ ಹಾಗೆ ಮೋಡಣ್ಣನಿಗೆ ಆಗುತ್ತಿತ್ತು.

ಹೀಗಿರುವಾಗ ಎದುರು ಮನೆಯ ಅಜ್ಜಿ ಕಚೇರಿಯ ಕಿಟಕಿಗೆ ಬಂದರು. ನಿದ್ದೆ ಬಾರದ ಅಜ್ಜಿ ಮಹಡಿಯ ಕಿಟಕಿಯಲ್ಲಿ ಕೂತು ಬೀದಿಯನ್ನು ನೋಡಿಕೊಳ್ಳುತ್ತಿದ್ದರು. ಪಂಪ್‌ಹೌಸಿನ ಹಿಂದೆ ನಸುಕಿನಲ್ಲಿ ಒಂದು ಆಕೃತಿ ತಿರುಗುತ್ತದೆ, ಮುಖವಿಲ್ಲ, ಬಲಗೈ ಕಬ್ಬಿಣದ್ದು, ಬೆರಳು ಎರಡೇ, ನೆಲದೊಳಗಿನ ಯಾರ ಜೊತೆಗೋ ಮಾತಾಡುತ್ತದೆ ಎಂದು ಪಿಸುಗುಟ್ಟಿದರು.

ಮೋಡಣ್ಣನಿಗೆ ಮೈ ಜುಂ ಅಂದಿತು. ಎತ್ತರ ಎಷ್ಟೆಂದು ಕೇಳಿದ. ಪಂಪ್‌ಹೌಸಿನ ಬಾಗಿಲಿನಷ್ಟು ಎಂದರು ಅಜ್ಜಿ.

ಇಲ್ಲಿ ಓದುಗರು ಅವನನ್ನು ದಡ್ಡ ಅಂದುಕೊಳ್ಳಬಾರದು. ಮೋಡಣ್ಣ ಕುಳ್ಳ, ಮುಖವುಳ್ಳವನು, ಎರಡು ಕೈಗೆ ಹತ್ತು ಬೆರಳಿನವನು. ಅಜ್ಜಿ ಹೇಳಿದ್ದರಲ್ಲಿ ಒಂದಾದರೂ ಅವನಿಗೆ ಹೊಂದುತ್ತಿರಲಿಲ್ಲ. ಅವನಿಗೆ ಹೊಳೆದದ್ದು ಇಷ್ಟೇ: ತಾನೂ ದಿನಾ ಅದೇ ಜಾಗಕ್ಕೆ ಅದೇ ಹೊತ್ತಿಗೆ ಹೋಗುತ್ತೇನಲ್ಲ, ಅದು ಇಷ್ಟು ದಿನ ಎದುರಾಗಲಿಲ್ಲವಲ್ಲ, ಹಿರಿಯರ ಪುಣ್ಯ.

ಇನ್ನು ಎಚ್ಚರಿಕೆ ಬೇಕೆಂದು ಮರುದಿನ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೋದ. ಅಂದೇ ಬೀದಿಯ ದರ್ಜಿ ಕಚೇರಿಯ ಕಿಟಕಿಗೆ ಓಡಿಬಂದ. ಅದಕ್ಕೆ ಒಂದೇ ಕಣ್ಣಂತೆ, ಹಣೆಯಲ್ಲಂತೆ, ಉರಿಯುತ್ತಂತೆ. ಮೋಡಣ್ಣ ಇನ್ನೂ ಹೆದರಿದ. ಶಬ್ದ ಮಾಡುತ್ತಿದ್ದರೆ ಅಂಥದ್ದು ಹತ್ತಿರ ಬರಲಿಕ್ಕಿಲ್ಲವೆಂದು ಸೊಂಟಕ್ಕೆ ಸೈಕಲ್ ಬೆಲ್ಲು ಕಟ್ಟಿಕೊಂಡು, ಹೆಜ್ಜೆಗೊಮ್ಮೆ ಬಾರಿಸುತ್ತ ಸೊಪ್ಪು ಕೊಯ್ದ. ಅದಾದ ಮೇಲೆ ಬೀದಿಯವರು ಗುಂಪಾಗಿಯೇ ಬಂದರು. ಸತ್ತ ಟಪಾಲಿನವನೊಬ್ಬ ಸೈಕಲ್ಲಿನ ಸಮೇತ ಎದ್ದು ಬಂದಿದ್ದಾನೆ ಎನ್ನುವುದು ಒಂದು ಪಕ್ಷ, ಅಲ್ಲ ಎನ್ನುವುದು ಇನ್ನೊಂದು. ಪಂಪ್‌ಹೌಸಿನ ಕಾವಲುಗಾರ ಪ್ರತಿದಿನ ಆ ಹೊತ್ತಿಗೆ ಸೊಂಪಾಗಿ ನಿದ್ದೆ ಮಾಡುತ್ತಿದ್ದವನು. ಕೇಳಿದವರಿಗೆ ತಾನು ಅದರ ಜೊತೆ ಕುಸ್ತಿ ಹಿಡಿದು ಬೆನ್ನು ಉಳುಕಿಸಿಕೊಂಡೆನೆಂದು ಹೇಳಿ ರಜೆ ಕೇಳಿದ.

ಮೋಡಣ್ಣ ಎಲ್ಲರ ಮಾತನ್ನೂ ಅರೆಗಣ್ಣು ಮುಚ್ಚಿ ಕೇಳಿ, ಒಂದೂ ಬಿಡದೆ ಸಾಹೇಬರಿಗೆ ಮುಟ್ಟಿಸಿದ. ಮನೆಯಲ್ಲೂ ಬಾಗಿಲು ಭದ್ರವೆಂದು ಎಚ್ಚರಿಸಿದ. ಮಾವ ಗಂಭೀರವಾಗಿ ತಲೆಯಾಡಿಸಿ, "ಆ ಹೆಂಗಸಿಗೂ ಒಂದು ಮಾತು ಹೇಳಿ ಅಳಿಯಂದಿರೇ. ನಸುಕಿನಲ್ಲಿ ಒಬ್ಬಳೇ ಸೊಪ್ಪು ಕೀಳೋಕೆ ಹೋಗಬೇಡ ಅನ್ನಿ. ಅವಳಿಗೇನಾದ್ರೂ ಆದ್ರೆ ನನ್ನ ಗತಿ?" ಅಂದರು. ಮೋಡಣ್ಣ, ಹೇಳ್ತೀನಿ ಮಾವ ಅಂದ.

ಅಷ್ಟರಲ್ಲಿ ಯಾರೋ, ಅದು ಚೀಲದಿಂದ ನೀರಿನ ತೊಟ್ಟಿಗೆ ಏನನ್ನೋ ಸುರಿಯುತ್ತದೆ ಅಂದರು. ಸಂಜೆಯ ಹೊತ್ತಿಗೆ ಊರಿನಲ್ಲಿ ಯಾರೂ ನಲ್ಲಿಯ ನೀರು ಬಾಯಿಗೆ ಹಾಕಲಿಲ್ಲ. ಸಾಹೇಬರು ಪಂಪು ನಿಲ್ಲಿಸಿದರು. ಜನ ಬಿಂದಿಗೆ ಹಿಡಿದು ಕಚೇರಿಯ ಮುಂದೆ ಕೂತರು. ಮೇಲಿನವರು ಫೋನಿನಲ್ಲಿ ಸಾಹೇಬರಿಗೆ ಏನಂದರೋ, ಅವರು ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಎದ್ದೇ ನಿಂತಿದ್ದರು. ಆಮೇಲೆ ಮೋಡಣ್ಣನನ್ನು ಕರೆದು ನಾಳೆ ಬೆಳಗ್ಗೆ ಅದನ್ನು ಹಿಡಿಯಲೇಬೇಕೆಂದರು. ತಾವು, ಕಾವಲುಗಾರ, ದರ್ಜಿ, ಮೋಡಣ್ಣ, ನಾಲ್ವರೂ ಪಂಪ್‌ಹೌಸಿನ ಹತ್ತಿರ ಸೇರತಕ್ಕದ್ದು.

ಮೋಡಣ್ಣ ಯೋಚಿಸಿದ. ಭೂತವನ್ನು ಹಿಡಿದ ಮೇಲೆ ಅಲ್ಲಿ ಜನಜಾತ್ರೆ, ಸೊಪ್ಪು ಕೊಯ್ಯಲಾಗುವುದಿಲ್ಲ. ಮನೆಯಲ್ಲಿ ಮಾವನ ಬಟ್ಟಲಿಗೆಂದು ಹಿಡಿದಿಟ್ಟ ನೀರು ಒಂದು ಪಾತ್ರೆ ಇದೆ. ಆದ್ದರಿಂದ ಉಳಿದವರಿಗಿಂತ ಸ್ವಲ್ಪ ಮುಂಚೆ ಹೋಗಿ, ಸೊಪ್ಪು ಕೊಯ್ದು ಮನೆಗೆ ಕೊಟ್ಟು, ಅವರನ್ನು ಕೂಡಿಕೊಳ್ಳುವುದು. ಇದರಲ್ಲಿ ದೋಷವಿದೆಯೆಂದು ಅವನಿಗೆ ಅನ್ನಿಸಲಿಲ್ಲ.

ಅಂದಿನ ಮಂಜು ಎಂದಿನದಲ್ಲ. ಹಾಲಿನೊಳಗೆ ನಡೆದ ಹಾಗಿತ್ತು. ಪಂಪು ನಿಂತಿದ್ದರಿಂದ ಸುತ್ತಲೂ ಹತ್ತಿ ತುಂಬಿದಂಥ ಮೌನ. ಮೋಡಣ್ಣ ಚಿವುಟುತ್ತ, ಗಿಡಗಳಿಗೆ ಸಮಾಧಾನ ಹೇಳುತ್ತ, ಇನ್ನು ಮುಗಿಯಿತೆಂದು ತಲೆಯೆತ್ತಿದರೆ, ತಂತಿಯಾಚೆ ಮಫ್ಲರು ಸುತ್ತಿದ ಮೂರು ಆಕೃತಿಗಳು, ಕೈಯಲ್ಲಿ ದೊಣ್ಣೆ. ಮೂರಕ್ಕೂ ಮುಖವಿಲ್ಲ.

ಒಂದಲ್ಲ, ಮೂರಿವೆ ಎಂದು ಅವನಿಗೆ ಜೀವ ಬಾಯಿಗೆ ಬಂತು. ಚೀಲ ಹಿಡಿದು ಓಡಿದ. ಹಿಂದಿನಿಂದ ಯಾರೋ ಹಿಡೀರಿ ಎಂದು ಕೂಗಿದರು. ಅದು ಸಾಹೇಬರ ದನಿ. ಸಾಹೇಬರು ಬಂದುಬಿಟ್ಟರು, ಅವುಗಳನ್ನು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಮೋಡಣ್ಣನಿಗೆ ಧೈರ್ಯ ಬಂತು. ತಾನೂ ಹಿಡೀರಿ, ಬಿಡಬೇಡಿ ಎಂದು ಕೂಗುತ್ತ ಓಡಿದ. ಬೆಲ್ಲು ತಾನಾಗಿ ಬಡಿದುಕೊಳ್ಳುತ್ತಿತ್ತು. ಹಿಂದಿನವರೂ ಹಿಡೀರಿ ಅನ್ನುತ್ತಿದ್ದರು, ಮುಂದಿನವನೂ ಹಿಡೀರಿ ಅನ್ನುತ್ತಿದ್ದ. ಇಂಥ ಒಮ್ಮತ ಆ ಕಚೇರಿಯ ಕೆಲಸದಲ್ಲಿ ಹಿಂದೆಂದೂ ಕಂಡಿರಲಿಲ್ಲ. ಓಣಿಯ ತುದಿಯಲ್ಲಿ ಅವನು ತನ್ನ ಹಿತ್ತಲ ಬಾಗಿಲನ್ನು ತಳ್ಳಿಕೊಂಡು ಅಡುಗೆಮನೆಗೆ ಬಿದ್ದ. ಹಿಂದಿನ ಮೂವರೂ ಅವನ ಮೇಲೆ ಬಿದ್ದರು.

ಒಲೆಯ ಮೇಲೆ ನೀರು ಮರಳುತ್ತಿತ್ತು. ಮಾವ ಅದರ ಮುಂದೆ ಕೂತಿದ್ದರು. ನೆಲದ ಮೇಲಿನ ರಾಶಿಯನ್ನು ನೋಡಿದರು, ಅದರೊಳಗಿಂದ ಉರುಳಿಬಂದ ಚೀಲವನ್ನು ನೋಡಿದರು, ಇಕ್ಕಳದಿಂದ ಒಂದು ಕುಡಿ ಎತ್ತಿ ನೋಡಿದರು. ಹೆಂಡತಿ ಬಂದು ತನ್ನ ಶಾಲನ್ನು ಗುರುತು ಹಿಡಿದು, ಸುತ್ತು ಬಿಡಿಸಿದಳು. ಒಳಗಿನಿಂದ ಮೋಡಣ್ಣ ಬಂದ.

ಗದ್ದಲ ಕೇಳಿ ಎದುರು ಮನೆಯ ಅಜ್ಜಿಯೂ ಬಾಗಿಲಿಗೆ ಬಂದಿದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೋಡಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಮಳೆಕೋಟು ನೋಡಿಕೊಂಡ, ಇಕ್ಕಳ ನೋಡಿಕೊಂಡ, ಹಣೆಯ ಬ್ಯಾಟರಿ ಮುಟ್ಟಿ ನೋಡಿಕೊಂಡ. ಸೊಂಟದ ಬೆಲ್ಲು ಒಮ್ಮೆ ಟಿಣ್ ಅಂದಿತು.

"ಸಾಹೇಬ್ರೇ," ಅಂದ ನಿಧಾನವಾಗಿ, "ಅದು ನಾನೇ ಇರಬೇಕು ಅನ್ಸುತ್ತೆ."

ಮೊದಲು ಕೇಳಿದ್ದು ಮಾವ.

"ಹಾಗಾದ್ರೆ ಆ ಸೊಪ್ಪಿನವಳು?"

"ಅಂಥವಳು ಯಾರೂ ಇಲ್ಲ ಮಾವ."

ಮಾವ ಅವನ ಕೈಗಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಹಳೆಯ ದದ್ದಿನ ಮೇಲೆ ಹೊಸ ದದ್ದು. "ನಾನು ದಿನಾ ಊಟ ಮುಗಿಸಿ ಅವಳಿಗೆ ಒಳ್ಳೇದಾಗ್ಲಿ ಅಂತಿದ್ದೆನಲ್ಲಪ್ಪ."

"ಹೌದು ಮಾವ. ನನಗೆ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಬಂದುಬಿಟ್ಟಿತ್ತು."

ಮಾವನ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ಮಗಳು ಹತ್ತಿರ ಬಂದಳು. ಅವರು ನಗುತ್ತಿದ್ದರು. ಆ ಮನೆಗೆ ಬಂದ ಮೇಲೆ ಮೊದಲ ಸಲ, ಕೆಮ್ಮು ಬರುವವರೆಗೆ ನಕ್ಕರು. ನಕ್ಕು ಕಣ್ಣೊರೆಸಿಕೊಂಡು, ನೀರು ಮರಳಿದೆ, ಸೊಪ್ಪು ಹಾಕಮ್ಮ, ಬಂದವರಿಗೂ ಆಗಲಿ ಅಂದರು.

ಸಾಹೇಬರು ಕಠಿಣ ಕ್ರಮದ ವಿಷಯ ಎತ್ತಬೇಕೆಂದೇ ಕೂತರು. ಹೆಂಡತಿ ಅವರ ಮುಂದೆ ಬಟ್ಟಲಿಟ್ಟಳು. ಅವರು ಮೊದಲು ಮೂಸಿದರು, ತುಟಿಗೆ ತಾಗಿಸಿ ಉರಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು, ಆಮೇಲೆ ಕುಡಿದರು. ತೆರೆದ ಬಾಗಿಲಿನಿಂದ ಮಂಜು ಒಳಗೆ ಬರುತ್ತಿತ್ತು, ಒಲೆಯ ಮೇಲಿನ ಹಬೆ ಹೊರಗೆ ಹೋಗುತ್ತಿತ್ತು, ನಡುವೆ ಬಟ್ಟಲು ಹಿಡಿದವರೆಲ್ಲ ಒಂದೇ ನಿದ್ದೆಯೊಳಗೆ ಕೂತವರಂತೆ ಕಾಣುತ್ತಿದ್ದರು. ಕಾವಲುಗಾರ ನಿಜವಾಗಿಯೂ ಮಲಗಿಬಿಟ್ಟಿದ್ದ.

ಎರಡನೇ ಬಟ್ಟಲಿನ ಹೊತ್ತಿಗೆ ಸಾಹೇಬರಿಗೆ ಒಂದು ಸತ್ಯ ಹೊಳೆಯಿತು. ತನ್ನ ಗುಮಾಸ್ತ ಸೊಪ್ಪು ಕೊಯ್ದದ್ದಕ್ಕೆ ತಾನು ಊರಿನ ನೀರು ನಿಲ್ಲಿಸಿದೆನೆಂದು ಮೇಲಿನವರಿಗೆ ಹೇಳಿದರೆ, ಕಠಿಣ ಕ್ರಮ ಮೊದಲು ತಟ್ಟುವುದು ತನ್ನ ಕುರ್ಚಿಗೆ. ಅವರು ಗಂಟಲು ಸರಿಮಾಡಿಕೊಂಡು, ನೀರು ಪರೀಕ್ಷಿಸಲಾಯಿತು, ಚೆನ್ನಾಗಿದೆ, ಗಿಡಗಳನ್ನು ಬಲ್ಲವರು ಬಂದು ಕೊಯ್ದರೆ ಕಚೇರಿಗೂ ಅನುಕೂಲವೇ ಎಂದು ಅಲ್ಲೇ ತೀರ್ಮಾನ ಕೊಟ್ಟರು. ಮಧ್ಯಾಹ್ನಕ್ಕೆ ನಲ್ಲಿಗಳಲ್ಲಿ ನೀರು ಬಂತು.

ಒಪ್ಪದವರು ಎದುರು ಮನೆಯ ಅಜ್ಜಿ ಒಬ್ಬರೇ. ಸೂಪು ಕುಡಿದರು, ಚೆನ್ನಾಗಿದೆ ಅಂದರು. ಆದರೆ ತಾನು ಕಂಡದ್ದು ಈ ಕುಳ್ಳನನ್ನಲ್ಲವೆಂದು ಖಡಾಖಂಡಿತ ಹೇಳಿದರು. ಬೀದಿಯವರಿಗೂ ಅಜ್ಜಿಯ ಮಾತೇ ಹಿಡಿಸಿತು. ಇಷ್ಟು ದಿನ ಮೋಡಣ್ಣನಿಗೆ ಹೆದರಿದ್ದೆವೆಂದು ಒಪ್ಪಿಕೊಳ್ಳುವುದು ಯಾವ ಗೌರವಸ್ಥರಿಗೂ ಆಗದ ಮಾತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅಜ್ಜಿ ಮತ್ತೆ ಕಚೇರಿಯ ಕಿಟಕಿಗೆ ಬಂದು, ಅತ್ತಿತ್ತ ನೋಡಿ, ಸರಳಿಗೆ ಬಾಯಿ ಹಚ್ಚಿದರು.

"ಈಗ ಎರಡಾಗಿವೆ ಕಣಪ್ಪ," ಅಂದರು. "ಎರಡಕ್ಕೂ ಮುಖ ಇಲ್ಲ. ಒಂದು ಕುಂಟುತ್ತೆ, ಇನ್ನೊಂದು ಅದರ ತೋಳು ಹಿಡ್ಕೊಂಡು ನಡೆಸುತ್ತೆ. ನಡುನಡುವೆ ನಿಂತ್ಕೊಂಡು ನಗ್ತವೆ."

ಮೋಡಣ್ಣ ಕಣ್ಣು ಅರೆಮುಚ್ಚಿ ಪೂರ್ತಿ ಕೇಳಿದ.

"ನಗೋದಕ್ಕೆ ಇಲಾಖೆ ಏನೂ ಮಾಡೋಕಾಗಲ್ಲ ಅಜ್ಜಿ," ಅಂದ.